ಠೇವಣಿ ಹೋದ ತೊಂಬತ್ತೇಳು ಮಂದಿ

ನಮ್ಮ ಕಡೆ ಚುನಾವಣೆ ಫಲಿತಾಂಶ ಬಂದ ಮರುದಿನ ಪೇಪರಿನಲ್ಲಿ ತಪ್ಪದೆ ಇರೋ ಒಂದು ಸಾಲು ಅಂದ್ರೆ "ಉಳಿದ ಅಭ್ಯರ್ಥಿಗಳೆಲ್ಲ ಠೇವಣಿ ಕಳೆದುಕೊಂಡಿದ್ದಾರೆ" ಅನ್ನೋದು. ಸೋಲೋದು ಬೇರೆ, ಠೇವಣಿ ಹೋಗೋದು ಬೇರೆ. ಸೋತವನನ್ನ ಕಂಡು ಅಯ್ಯೋ ಪಾಪ ಅನ್ನೋರೂ ಠೇವಣಿ ಹೋದವನನ್ನ ಕಂಡ್ರೆ ನಗ್ತಾರೆ. ಈ ಠೇವಣಿ ಪದ್ಧತಿ ನಮಗೆ ಬಂದಿದ್ದು ಬ್ರಿಟಿಷರಿಂದಲೇ. ಅಲ್ಲಿ 1918ರಲ್ಲಿ ಶುರುವಾದ ಲೆಕ್ಕ: 150 ಪೌಂಡ್ ಕಟ್ಟಬೇಕು, ಚಲಾವಣೆಯಾದ ಮತದಲ್ಲಿ ಎಂಟನೇ ಒಂದು ಭಾಗ ಬರದಿದ್ರೆ ದುಡ್ಡು ಸರ್ಕಾರಕ್ಕೆ. ನಮ್ಮಲ್ಲಿ ಅದು ಆರನೇ ಒಂದು. (ಅವರು 1985ರಲ್ಲಿ ಠೇವಣಿಯನ್ನ 500 ಪೌಂಡಿಗೆ ಏರಿಸಿ, ಮತದ ಮಿತಿಯನ್ನ ಶೇ. 5ಕ್ಕೆ ಇಳಿಸಿಕೊಂಡ್ರು. ನಾವು ಮಾತ್ರ ಆರನೇ ಒಂದನ್ನೇ ಹಿಡ್ಕೊಂಡು ಕೂತಿದ್ದೀವಿ.)

ಇವತ್ತು ಹೇಳೋಕೆ ಹೊರಟಿರೋದು 1950ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷಕ್ಕೆ ಆದದ್ದನ್ನ. ನೂರು ಜನರನ್ನ ನಿಲ್ಲಿಸಿದ್ರು. ಗೆದ್ದವರು ಸೊನ್ನೆ. ಠೇವಣಿ ಹೋದವರು ತೊಂಬತ್ತೇಳು. ಬಂದ ಒಟ್ಟು ಮತ 92 ಸಾವಿರಕ್ಕೆ ಸ್ವಲ್ಪ ಕಡಿಮೆ. ಇದರಲ್ಲೇನು ವಿಶೇಷ, ಸಣ್ಣ ಪಕ್ಷ, ಸೋತಿತು ಅಂತೀರಾ? ವಿಶೇಷ ಇರೋದು ಅದಕ್ಕೆ ಐದು ವರ್ಷ ಹಿಂದಿನ ಲೆಕ್ಕದಲ್ಲಿ. 1945ರಲ್ಲಿ ಇದೇ ಪಕ್ಷ ನಿಲ್ಲಿಸಿದ್ದು ಬರೀ 21 ಜನರನ್ನ. ಬಂದ ಮತ ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು. ಸೀಟು ಎರಡು. ಇನ್ನೊಂದು ಸೀಟು, ವೇಲ್ಸಿನ ರಾಂಡಾ ಈಸ್ಟ್, ಪಕ್ಷದ ಮುಖ್ಯಸ್ಥ ಹ್ಯಾರಿ ಪೊಲಿಟ್ ನಿಂತಿದ್ದ ಕ್ಷೇತ್ರ, ಕೈತಪ್ಪಿದ್ದು ಬರೀ 972 ಮತದಲ್ಲಿ. ಅಭ್ಯರ್ಥಿಗಳು ಸುಮಾರು ಐದು ಪಟ್ಟು ಹೆಚ್ಚಾದ್ರು, ಮತ ಕಡಿಮೆ ಆಯ್ತು! ತಲೆಗೆ ಸರಾಸರಿ ಹಾಕಿದ್ರೆ 1945ರಲ್ಲಿ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ 4,900. 1950ರಲ್ಲಿ 920ರ ಆಸುಪಾಸು.

ಎಡಪಂಥದ ಗೆಳೆಯರ ಹತ್ರ ಈ ಮಾತು ತೆಗೆದ್ರೆ ಸಿಗೋ ಉತ್ತರ ಒಂದೇ, "ಅಲ್ಲಿನ ಚುನಾವಣಾ ಪದ್ಧತಿಯೇ ಹಾಗೆ ಮಾರಾಯ್ರೆ, ಹೆಚ್ಚು ಮತ ಪಡೆದ ಒಬ್ಬನಿಗೆ ಎಲ್ಲಾ, ಉಳಿದವರಿಗೆ ಚೊಂಬು." ಬಲಪಂಥದ ಗೆಳೆಯರ ಉತ್ತರವೂ ಒಂದೇ, "ಜನಕ್ಕೆ ಕಮ್ಯುನಿಸಂ ಬೇಡವಾಗಿತ್ತು, ಅಷ್ಟೇ." ಎರಡೂ ಅರ್ಧ ನಿಜ. ಅರ್ಧ ನಿಜ ಇಟ್ಕೊಂಡು ಜಗಳ ಆಡೋದು ಸುಲಭ, ಆದ್ರೆ ಯಾವ ಊರಲ್ಲಿ ಯಾಕೆ ಮತ ಬಿತ್ತು ಅನ್ನೋದು ಅದರಿಂದ ಗೊತ್ತಾಗಲ್ಲ.

ಮೊದಲು ಪದ್ಧತಿಯ ಮಾತು ಮುಗಿಸಿಬಿಡೋಣ. 1945ರಲ್ಲಿ ಪಕ್ಷಕ್ಕೆ ಬಂದಿದ್ದು ದೇಶದ ಒಟ್ಟು ಮತದ ಶೇ. 0.4. ಆಗ ಕಾಮನ್ಸ್ ಸಭೆಯಲ್ಲಿದ್ದಿದ್ದು 640 ಸೀಟು. ಮತಕ್ಕೆ ತಕ್ಕ ಪಾಲು ಅಂತ ಹಂಚಿದ್ರೂ ಬರ್ತಾ ಇದ್ದದ್ದು ಎರಡೋ ಮೂರೋ. ಅಂದ್ರೆ ಎಲ್ಲರೂ ಬೈಯೋ ಈ ಪದ್ಧತಿ ಆ ವರ್ಷ ಅವರಿಗೆ ಅಂಥ ಅನ್ಯಾಯವನ್ನೇನೂ ಮಾಡಲಿಲ್ಲ. 1950ರಲ್ಲಿ ಮಾಡಿತು, ಹೌದು. ಪಾಲಿನ ಲೆಕ್ಕದಲ್ಲಿ ಆಗಲೂ ಎರಡು ಬರಬೇಕಿತ್ತು, ಬಂದಿದ್ದು ಸೊನ್ನೆ. ಪದ್ಧತಿ ಅದೇ, ಹೆಚ್ಚುಕಡಿಮೆ ಮತವೂ ಅಷ್ಟೇ. ಬದಲಾಗಿದ್ದು ಆ ಮತ ಎಲ್ಲೆಲ್ಲಿ ಚೆಲ್ಲಿತ್ತು ಅನ್ನೋದು.

ಈಗ ಆ ಎರಡು ಸೀಟಿನ ಕತೆಗೆ ಬರ್ತೀನಿ.

ಒಂದು, ಲಂಡನ್ನಿನ ಪೂರ್ವ ಭಾಗದ ಮೈಲ್ ಎಂಡ್. ಗೆದ್ದವರು ಫಿಲ್ ಪಿರಾಟಿನ್. ಬಿದ್ದ ಮತ 5,075, ಅಂತರ 1,214. ಸಣ್ಣ ಕ್ಷೇತ್ರ, ಬಾಂಬು ಬಿದ್ದು ಜನ ಊರು ಬಿಟ್ಟು ಹೋಗಿ ಇನ್ನೂ ಸಣ್ಣದಾಗಿತ್ತು. ಯಹೂದಿ ದರ್ಜಿಗಳು, ಹಡಗುಕಟ್ಟೆಯ ಕೂಲಿಗಳು ಇದ್ದ ಜಾಗ. ಪಿರಾಟಿನ್ ಕೂಡ ಯಹೂದಿ, ಅಲ್ಲೇ ಸ್ಟೆಪ್ನಿಯ ಹುಡುಗ. ಕಮ್ಯುನಿಸ್ಟರು ಆ ಏರಿಯಾದಲ್ಲಿ ಏನು ಮಾಡಿದ್ರು ಅಂತ ಕೇಳಿದ್ರೆ ಎಲ್ಲರೂ 1936ರ ಅಕ್ಟೋಬರ್ 4ರ ಕೇಬಲ್ ಸ್ಟ್ರೀಟ್ ಘಟನೆ ಹೇಳ್ತಾರೆ. ಆಸ್ವಾಲ್ಡ್ ಮೋಸ್ಲಿಯ ಕಪ್ಪಂಗಿ ಪಡೆ ಯಹೂದಿ ಕೇರಿಯೊಳಗೆ ಮೆರವಣಿಗೆ ಹೊರಟಾಗ ಜನ ಬೀದಿಗೆ ಅಡ್ಡಗಟ್ಟೆ ಹಾಕಿ ನಿಲ್ಲಿಸಿದ್ದು. ದೊಡ್ಡ ಘಟನೆಯೇ, ಅಲ್ಲ ಅನ್ನಲ್ಲ. ನನಗೆ ಅದಕ್ಕಿಂತ ಇಷ್ಟವಾಗೋದು ಅದಾದ ಮುಂದಿನ ವರ್ಷ ನಡೆದ ಒಂದು ಚಿಕ್ಕ ಘಟನೆ. ಪಿರಾಟಿನ್ ಅದನ್ನ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಪ್ಯಾರಗನ್ ಮ್ಯಾನ್ಷನ್ಸ್ ಅಂತ ಒಂದು ವಠಾರ. ಬಾಡಿಗೆ ಬಾಕಿ ಇಟ್ಟ ಎರಡು ಕುಟುಂಬಗಳನ್ನ ಹೊರಗೆ ಹಾಕೋಕೆ ಕೋರ್ಟ್ ಅಮೀನರು ಬರೋರಿದ್ರು. ಆ ಮನೆಯವರು ಮೋಸ್ಲಿಯ ಪಕ್ಷದ ಸದಸ್ಯರು! ಅವರ ಪಕ್ಷ ತಿರುಗಿಯೂ ನೋಡಲಿಲ್ಲ. ಬಂದವರು ಕಮ್ಯುನಿಸ್ಟರು. ವಠಾರದವರನ್ನೆಲ್ಲ ಸೇರಿಸಿ, ಬಾಗಿಲಿಗೆ ಅಡ್ಡ ಕಟ್ಟಿ, ಅಮೀನರನ್ನ ಒಳಗೆ ಬಿಡಲಿಲ್ಲ. ಮನೆ ಉಳೀತು. ಆ ಜನ ತಮ್ಮ ಹಳೇ ಪಕ್ಷದ ಸದಸ್ಯತ್ವದ ಚೀಟಿ ಹರಿದು ಹಾಕಿದ್ರು. ಹೀಗೆ ಬಾಡಿಗೆದಾರರ ಸಂಘ ಕಟ್ಟಿ, ಸೋರೋ ಮಾಡು ರಿಪೇರಿ ಮಾಡಿಸಿ, ಬಾಡಿಗೆ ಮುಷ್ಕರ ಹೂಡಿ ಒಂದೊಂದೇ ಬೀದಿಯನ್ನ ಗೆದ್ದುಕೊಂಡು ಬಂದ್ರು. 1940ರಲ್ಲಿ ಜರ್ಮನ್ ವಿಮಾನಗಳು ಪ್ರತಿ ರಾತ್ರಿ ಬಾಂಬು ಸುರಿಸುತ್ತಿದ್ದಾಗ ಸ್ಟೆಪ್ನಿಯ ಬಡವರಿಗೆ ಸರಿಯಾದ ನೆಲಮಾಳಿಗೆ ಇರಲಿಲ್ಲ. ಪಿರಾಟಿನ್ ಹತ್ತಾರು ಜನರನ್ನ, ಮಕ್ಕಳು ಮರಿ ಸಮೇತ, ಕರ್ಕೊಂಡು ಹೋಗಿ ಸೀದಾ ಸ್ಯಾವಾಯ್ ಹೋಟೆಲಿನ ಬೆಚ್ಚಗಿನ ನೆಲಮಾಳಿಗೆಯಲ್ಲಿ ಕೂರಿಸಿದ್ರು. ನಮ್ಮಲ್ಲಿ ಪಂಚತಾರಾ ಹೋಟೆಲಿಗೆ ಕೊಳೆಗೇರಿಯ ಜನರನ್ನ ನುಗ್ಗಿಸಿದ ಹಾಗೆ ಅಂದ್ಕೊಳ್ಳಿ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಭೂಗತ ರೈಲು ನಿಲ್ದಾಣಗಳನ್ನ ಜನಕ್ಕೆ ರಾತ್ರಿ ಮಲಗೋಕೆ ಬಿಟ್ಟದ್ದು ಇಂಥ ಒತ್ತಡಗಳ ನಂತರವೇ.

ಈಗ ಹೇಳಿ, 1945ರಲ್ಲಿ ಮೈಲ್ ಎಂಡಿನ ಆ ಐದು ಸಾವಿರ ಜನ ಓಟು ಹಾಕಿದ್ದು ಮಾರ್ಕ್ಸ್‌ಗಾ, ಸ್ಟಾಲಿನ್‌ಗಾ, ಇಲ್ಲಾ ತಮ್ಮ ಮಾಡು ಸೋರದ ಹಾಗೆ ನೋಡ್ಕೊಂಡ ಮನುಷ್ಯನಿಗಾ?

ಎರಡನೇ ಸೀಟು ಸ್ಕಾಟ್ಲೆಂಡಿನ ವೆಸ್ಟ್ ಫೈಫ್. ಕಲ್ಲಿದ್ದಲು ಗಣಿಗಳ ನಾಡು. ವಿಲ್ಲಿ ಗ್ಯಾಲಕರ್ 1935ರಲ್ಲಿ 593 ಮತದಿಂದ ಗೆದ್ದು ಹದಿನೈದು ವರ್ಷ ಅಲ್ಲಿ ಸಂಸದರಾಗಿದ್ರು. ಲಂಫಿನ್ನನ್ಸ್ ಅಂತ ಒಂದು ಗಣಿ ಹಳ್ಳಿಗೆ "ಪುಟ್ಟ ಮಾಸ್ಕೋ" ಅಂತಲೇ ಅಡ್ಡಹೆಸರು. ಅಲ್ಲಿ ಇವತ್ತಿಗೂ ಗಗಾರಿನ್ ಹೆಸರಿನ ರಸ್ತೆ ಇದೆ. ಅಲ್ಲೂ ಇದೇ ಕತೆ. ಗಣಿ ಸಂಘ, ಮುಷ್ಕರದ ಕಾಲದ ಗಂಜಿ ಕೇಂದ್ರ, ಊರಿನ ಕೌನ್ಸಿಲು. ಇವೆಲ್ಲ ವರ್ಷಗಟ್ಟಲೆ ನಡೆದ ಮೇಲೆ ಬಂದ ಸೀಟು ಅದು.

ಇದಕ್ಕೂ ಹಿಂದೆ ಇನ್ನೊಬ್ಬರಿದ್ರು, ನಮಗೆ ಹತ್ತಿರದವರು. ಶಾಪುರ್ಜಿ ಸಕ್ಲಾತ್ವಾಲಾ. 1874ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ಪಾರ್ಸಿ, ಜೆಮ್ಶೆಟ್‌ಜಿ ಟಾಟಾ ಅವರ ತಂಗಿಯ ಮಗ. ಟಾಟಾ ಕಂಪನಿಗಾಗಿ ಕಬ್ಬಿಣದ ಅದಿರು ಹುಡುಕುತ್ತಾ ಕಾಡು ಅಲೆದ ಮನುಷ್ಯ 1905ರಲ್ಲಿ ಇಂಗ್ಲೆಂಡಿಗೆ ಹೋಗಿ, ಕೊನೆಗೆ ಕಮ್ಯುನಿಸ್ಟ್ ಆಗಿ, ಲಂಡನ್ನಿನ ಬ್ಯಾಟರ್ಸೀ ನಾರ್ತ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದ್ರು. ಗೆಲುವಿನ ಹಿಂದೆ ಇದ್ದವರು ಜಾನ್ ಆರ್ಚರ್ ಅನ್ನೋ ಚುನಾವಣಾ ಏಜೆಂಟ್. 1913ರಲ್ಲಿ ಬ್ಯಾಟರ್ಸೀಯ ಮೇಯರ್ ಆಗಿದ್ದ ಕರಿಯ ಜನಾಂಗದ ನಾಯಕ. ಒಬ್ಬ ಪಾರ್ಸಿ ಅಭ್ಯರ್ಥಿ, ಒಬ್ಬ ಕರಿಯ ಏಜೆಂಟ್, ಓಟು ಹಾಕಿದವರು ಬಿಳಿಯ ಕಾರ್ಮಿಕರು. ಇಸವಿ 1922!

ಸಕ್ಲಾತ್ವಾಲಾ ಅವರ ಮತಗಳನ್ನ ಸಾಲಾಗಿ ನೋಡಿದ್ರೆ ಪಕ್ಷದ ಚರಿತ್ರೆಯೇ ಕಾಣುತ್ತೆ. 1922ರಲ್ಲಿ 11,311 ಮತ, ಗೆಲುವು. 1923ರಲ್ಲಿ 186 ಮತದಿಂದ ಸೋಲು. 1924ರಲ್ಲಿ 15,096 ಮತ, 542ರ ಅಂತರದ ಗೆಲುವು. 1929ರಲ್ಲಿ 6,554, ಸೋಲು, ಅಲ್ಲಿಗೆ ಮುಗೀತು. ಏನಾಯ್ತು ನಡುವೆ? 1922ರಲ್ಲಿ ಲೇಬರ್ ಪಕ್ಷದ ಬೆಂಬಲ ಪೂರ್ತಿ ಇತ್ತು. 1924ರಲ್ಲಿ ಕಮ್ಯುನಿಸ್ಟರು ನಮ್ಮ ಅಭ್ಯರ್ಥಿ ಆಗಕೂಡದು ಅಂತ ಲೇಬರ್ ಹೈಕಮಾಂಡ್ ಹೇಳಿತು. ಬ್ಯಾಟರ್ಸೀಯ ಸ್ಥಳೀಯ ಲೇಬರ್ ಘಟಕ ಮಾತ್ರ "ಹೇಳಿದ್ರೆ ಹೇಳ್ಲಿ, ಇವರು ನಮ್ಮವರು" ಅಂತ ಜೊತೆಗೇ ನಿಂತಿತು. 1926ರಲ್ಲಿ ಆ ಘಟಕವನ್ನೇ ಹೈಕಮಾಂಡ್ ಹೊರಗೆ ಹಾಕಿತು. ಆಮೇಲೆ ಕಮ್ಯುನಿಸ್ಟರ ಸರದಿ. ಮಾಸ್ಕೋದಿಂದ ಹೊಸ ಲೈನ್ ಬಂತು, "ವರ್ಗದ ಎದುರು ವರ್ಗ", ಲೇಬರ್ ಪಕ್ಷವೂ ಶತ್ರುವೇ, ಅದರ ಜೊತೆ ಯಾವ ಹೊಂದಾಣಿಕೆಯೂ ಇಲ್ಲ. 1929ರಲ್ಲಿ ಸಕ್ಲಾತ್ವಾಲಾ ಲೇಬರ್ ಅಭ್ಯರ್ಥಿ ವಿರುದ್ಧವೇ ನಿಂತ್ರು. ಆ ಲೇಬರ್ ಅಭ್ಯರ್ಥಿಯ ಏಜೆಂಟ್ ಯಾರು ಗೊತ್ತಾ? ಅದೇ ಜಾನ್ ಆರ್ಚರ್.

ಎರಡು ಹೈಕಮಾಂಡುಗಳ ನಡುವೆ ಸಿಕ್ಕಿ ಒಂದು ಊರಿನ ಗೆಳೆತನ ಹೋಯ್ತು. ಒಬ್ಬರದು ಲಂಡನ್ನಲ್ಲಿ, ಇನ್ನೊಬ್ಬರದು ಮಾಸ್ಕೋದಲ್ಲಿ. ಹೈಕಮಾಂಡ್ ಅನ್ನೋ ಪದದ ಅರ್ಥ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ :-)

ಮತ್ತೆ 1950ಕ್ಕೆ. ನೂರು ಜನರನ್ನ ಯಾಕೆ ನಿಲ್ಲಿಸಿದ್ರು? ದೊಡ್ಡ ಪಕ್ಷದ ಹಾಗೆ ಕಾಣಬೇಕು ಅನ್ನೋ ಆಸೆ ಒಂದು. ಇಷ್ಟು ಅಭ್ಯರ್ಥಿಗಳಿದ್ದರೆ ಮಾತ್ರ ರೇಡಿಯೋದಲ್ಲಿ ಪ್ರಚಾರಕ್ಕೆ ಸಮಯ ಅನ್ನೋ ನಿಯಮ ಇನ್ನೊಂದು. ಲೇಬರ್ ಸರ್ಕಾರ ಅಮೆರಿಕದ ಬಾಲ ಹಿಡಿದಿದೆ, ಅದನ್ನ ಎಲ್ಲಾ ಕಡೆ ವಿರೋಧಿಸಬೇಕು ಅನ್ನೋ ಹಟ ಮತ್ತೊಂದು. ಕಾಲ ಮಾತ್ರ ಪೂರ್ತಿ ತಿರುಗಿತ್ತು. 1945ರಲ್ಲಿ ಸ್ಟಾಲಿನ್‌ಗ್ರಾಡ್ ಗೆದ್ದ ಸೋವಿಯತ್ ಅಂದ್ರೆ ಬ್ರಿಟಿಷರಿಗೂ ಅಭಿಮಾನ. 1950ರ ಹೊತ್ತಿಗೆ ಜೆಕೊಸ್ಲೊವಾಕಿಯಾದ ಅಧಿಕಾರ ಹಿಡಿದಿದ್ದು, ಬರ್ಲಿನ್ ದಿಗ್ಬಂಧನ ಎಲ್ಲಾ ಆಗಿ ಶೀತಲ ಸಮರ ಶುರುವಾಗಿತ್ತು. ಇನ್ನೊಂದು ಕಡೆ ಅದೇ ಲೇಬರ್ ಸರ್ಕಾರ ಗಣಿಗಳನ್ನ ರಾಷ್ಟ್ರೀಕರಣ ಮಾಡಿತ್ತು, 1948ರಲ್ಲಿ ಎಲ್ಲರಿಗೂ ಪುಕ್ಕಟೆ ವೈದ್ಯಕೀಯ ಸೇವೆ ತಂದಿತ್ತು. ಮಗುವಿಗೆ ದುಡ್ಡಿಲ್ಲದೆ ಔಷಧಿ ಸಿಕ್ಕ ತಾಯಿಯ ಮುಂದೆ ನಿಂತು ಈ ಸರ್ಕಾರ ಕಾರ್ಮಿಕರಿಗೆ ದ್ರೋಹ ಮಾಡಿದೆ ಅಂದ್ರೆ ಆಕೆ ಏನಂದಾಳು?

ಪಿರಾಟಿನ್ ಅವರ ಮೈಲ್ ಎಂಡ್ ಕ್ಷೇತ್ರ ಮರುವಿಂಗಡಣೆಯಲ್ಲಿ ಸ್ಟೆಪ್ನಿಯೊಳಗೆ ಕರಗಿಹೋಯ್ತು. ಗ್ಯಾಲಕರ್ ಮತ ಹದಿನೇಳು ಸಾವಿರದಿಂದ ಒಂಬತ್ತು ಸಾವಿರಕ್ಕೆ ಇಳೀತು. ಆದ್ರೂ ಠೇವಣಿ ಉಳಿಸಿಕೊಂಡ ಮೂವರು ಯಾರು ಅಂತ ನೋಡಿ: ಸ್ಟೆಪ್ನಿಯಲ್ಲಿ ಪಿರಾಟಿನ್, ವೆಸ್ಟ್ ಫೈಫ್‌ನಲ್ಲಿ ಗ್ಯಾಲಕರ್, ರಾಂಡಾದಲ್ಲಿ ಪೊಲಿಟ್. ಗಾಳಿ ಅಷ್ಟು ಎದುರು ಬೀಸಿದಾಗಲೂ ಬೇರು ಇದ್ದ ಮೂರು ಜಾಗ ಪೂರ್ತಿ ಕಿತ್ತು ಹೋಗಲಿಲ್ಲ. ಉಳಿದ ತೊಂಬತ್ತೇಳು ಕಡೆ ಕಾರ್ಯಕರ್ತರು ಚಂದಾ ಎತ್ತಿ ಕಟ್ಟಿದ ಠೇವಣಿ, 14,550 ಪೌಂಡು, ಆ ಕಾಲದ ದುಡ್ಡು, ಖಜಾನೆಗೆ ಹೋಯ್ತು. (ಅದೇ ಚುನಾವಣೆಯಲ್ಲಿ 319 ಲಿಬರಲ್ ಅಭ್ಯರ್ಥಿಗಳ ಠೇವಣಿಯೂ ಹೋಯ್ತು. ಆದ್ರೆ ಲಿಬರಲ್‌ಗಳು ಜಾಣರು, ಠೇವಣಿಗೆ ಮೊದಲೇ ಇನ್ಶೂರೆನ್ಸ್ ಮಾಡಿಸಿದ್ರು!)

ಮರುವರ್ಷ 1951ರಲ್ಲಿ ಪಕ್ಷ ತನ್ನ ಹೊಸ ಕಾರ್ಯಕ್ರಮ ಹೊರತಂದಿತು, ಇನ್ಮೇಲೆ ಸಮಾಜವಾದಕ್ಕೆ ನಮ್ಮ ದಾರಿ ಪಾರ್ಲಿಮೆಂಟ್ ಮೂಲಕ ಅಂತ. ವಿಚಿತ್ರ ಅಂದ್ರೆ, ಕ್ರಾಂತಿಯ ಮಾತಾಡ್ತಾ ಇದ್ದಾಗ ಪಾರ್ಲಿಮೆಂಟಿನಲ್ಲಿ ಸೀಟು ಇತ್ತು. ಪಾರ್ಲಿಮೆಂಟೇ ದಾರಿ ಅಂದ ಮೇಲೆ 1991ರಲ್ಲಿ ಪಕ್ಷ ವಿಸರ್ಜನೆ ಆಗೋವರೆಗೂ ಕಾಮನ್ಸ್ ಸಭೆಗೆ ಒಬ್ಬರೂ ಗೆದ್ದು ಬರಲಿಲ್ಲ. 1966ರಲ್ಲಿ 57 ಜನ, 1970ರಲ್ಲಿ 58 ಜನ ನಿಂತ್ರು. 1987ರಲ್ಲಿ 19 ಜನಕ್ಕೆ ಸೇರಿ ಬಂದಿದ್ದು ಆರು ಸಾವಿರ ಚಿಲ್ಲರೆ ಮತ.

ಇಲ್ಲಿ ಒಂದು ಒಗಟು ಇದೆ, ಅದನ್ನ ಬಿಟ್ಟು ಮುಂದೆ ಹೋದ್ರೆ ನನ್ನ ವಾದಕ್ಕೇ ಮೋಸ. ಈ ಪಕ್ಷದವರು ಬೇರೆ ಚುನಾವಣೆಗಳನ್ನ ಗೆಲ್ತಾ ಇದ್ರು. ಆರ್ಥರ್ ಹಾರ್ನರ್ ಅನ್ನೋ ಕಮ್ಯುನಿಸ್ಟ್ 1946ರಲ್ಲಿ ಇಡೀ ದೇಶದ ಗಣಿ ಕಾರ್ಮಿಕರ ಸಂಘಕ್ಕೆ ಪ್ರಧಾನ ಕಾರ್ಯದರ್ಶಿಯಾಗಿ ಆಯ್ಕೆಯಾದ್ರು. ಅವರ ನಂತರ ಬಂದ ವಿಲ್ ಪೇಂಟರ್ ಕೂಡ ಕಮ್ಯುನಿಸ್ಟ್. 1971ರಲ್ಲಿ ಗ್ಲಾಸ್ಗೋ ಹತ್ತಿರ ಕ್ಲೈಡ್ ನದಿಯ ಹಡಗು ಕಾರ್ಖಾನೆಗಳನ್ನ ಮುಚ್ಚೋಕೆ ಹೊರಟಾಗ ಮುಷ್ಕರ ಮಾಡದೆ, ಕಾರ್ಖಾನೆಯೊಳಗೇ ಇದ್ದು ಕೆಲಸ ಮಾಡ್ತಾ ಪ್ರತಿಭಟಿಸಿದ ಹೋರಾಟದ ಮುಂದಾಳು ಜಿಮ್ಮಿ ರೀಡ್. ಅವರೂ ಆಗ ಇದೇ ಪಕ್ಷದವರು. ದೇಶಕ್ಕೆ ದೇಶವೇ ಕೊಂಡಾಡಿದ ಮನುಷ್ಯ. ಹೋರಾಟವೂ ಗೆದ್ದಿತು. 1974ರ ಫೆಬ್ರವರಿಯಲ್ಲಿ ಅದೇ ಸೀಮೆಯಲ್ಲಿ ಪಾರ್ಲಿಮೆಂಟಿಗೆ ನಿಂತ್ರೆ ಸಿಕ್ಕಿದ್ದು ಸುಮಾರು ಆರು ಸಾವಿರ ಮತ. ಆ ವರ್ಷ ಪಕ್ಷದ ಬೇರೆಯವರಿಗೆ ಬಂದಿದ್ದಕ್ಕೆ ಹೋಲಿಸಿದ್ರೆ ಬಹಳವೇ. ಗೆಲ್ಲೋಕೆ ಮಾತ್ರ ಏನೂ ಅಲ್ಲ.

ಅಂದ್ರೆ ಅದೇ ಕೈ, ಸಂಘದ ಚುನಾವಣೆಯಲ್ಲಿ ಕಮ್ಯುನಿಸ್ಟನಿಗೆ, ದೇಶದ ಚುನಾವಣೆಯಲ್ಲಿ ಲೇಬರ್‌ಗೆ. ಜನ ದಡ್ಡರಲ್ಲ. ಸಂಘದಲ್ಲಿ ಅವರಿಗೆ ಬೇಕಾಗಿದ್ದು ಮಾಲೀಕನ ಮುಂದೆ ಬಗ್ಗದ ಮನುಷ್ಯ. ಪಾರ್ಲಿಮೆಂಟಿಗೆ ಓಟು ಹಾಕುವಾಗ ಆರಿಸ್ತಾ ಇದ್ದಿದ್ದು ಸರ್ಕಾರವನ್ನ. ಕಮ್ಯುನಿಸ್ಟನಿಗೆ ಹಾಕಿದ ಓಟಿನಿಂದ ಕನ್ಸರ್ವೇಟಿವ್ ಗೆದ್ದುಬಿಟ್ರೆ? 1950ರಲ್ಲಿ ಲೇಬರ್‌ಗೆ ಉಳಿದ ಬಹುಮತ ಬರೀ ಐದು ಸೀಟು ಅನ್ನೋದನ್ನ ನೆನಪಿಡಿ. ಆ ಭಯ ಸುಳ್ಳಲ್ಲ. ಹಾಗಾಗಿ "ಊರಲ್ಲಿ ಕೆಲಸ ಮಾಡು, ಸೀಟು ತಾನಾಗಿ ಬರುತ್ತೆ" ಅನ್ನೋದೂ ಪೂರ್ತಿ ನಿಜ ಅಲ್ಲ. ಕೆಲಸ ಮಾಡಿಯೂ ಬರದೇ ಇರಬಹುದು. ಕೆಲಸ ಇಲ್ಲದ ಕಡೆ ಅಂತೂ ಬರೋದೇ ಇಲ್ಲ. ನನ್ನ ವಾದ ಇಷ್ಟೇ.

ನಮ್ಮಲ್ಲೂ ಇದನ್ನ ನೋಡಿದ್ದೀವಿ. ಅದೇ ಬ್ರಿಟಿಷ್ ಪದ್ಧತಿಯ ಚುನಾವಣೆಯಲ್ಲಿ ಸಿಪಿಎಂಗೆ ಇಡೀ ರಾಜ್ಯದಲ್ಲಿ ಸಿಗೋ ಮತ ಬೆರಳೆಣಿಕೆ, ಆದ್ರೆ ಬಾಗೇಪಲ್ಲಿಯಲ್ಲಿ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲೂ 2004ರಲ್ಲೂ ಗೆದ್ರು, 2018ರಲ್ಲಿ ಸೋತಾಗಲೂ ಎರಡನೇ ಸ್ಥಾನ. ಬಾಗೇಪಲ್ಲಿಯಿಂದ ಬೆಂಗಳೂರಿಗೆ ನೂರು ಕಿಲೋಮೀಟರು. ಅಷ್ಟು ದೂರ ಬರೋದ್ರೊಳಗೆ ಅದೇ ಪಕ್ಷದ ಓಟು ಎಲ್ಲಿ ಹೋಗುತ್ತೆ ಅನ್ನೋದು ಪಕ್ಷದ ಆಫೀಸಿನಲ್ಲಿ ಕೂತು ಯೋಚಿಸಬೇಕಾದ ವಿಷಯ.

ಬ್ರಿಟನ್ನಿನ ಇತ್ತೀಚಿನ ಎಡ ಪಕ್ಷಗಳಿಗೆ ಬಂದ್ರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ಸ್ಕಾಟ್ಲೆಂಡಿನ ಸೋಷಿಯಲಿಸ್ಟ್ ಪಕ್ಷಕ್ಕೆ ಪಾಲಿನ ಪದ್ಧತಿ ಇದ್ದ ಅಲ್ಲಿನ ಪಾರ್ಲಿಮೆಂಟಿನಲ್ಲಿ 2003ರಲ್ಲಿ ಆರು ಸೀಟು ಸಿಕ್ಕಿತ್ತು. ಪದ್ಧತಿಯ ನೆಪ ಹೇಳೋ ಹಾಗಿರಲಿಲ್ಲ. ನಾಯಕ ಟಾಮಿ ಶೆರಿಡನ್ ಅವರ ಮಾನನಷ್ಟ ಮೊಕದ್ದಮೆಯ ಜಗಳದಲ್ಲಿ 2006ರಲ್ಲಿ ಪಕ್ಷ ಒಡೆದು, 2007ರಲ್ಲಿ ಆರೂ ಹೋಯ್ತು.

ಜಾರ್ಜ್ ಗ್ಯಾಲೋವೇ ಇನ್ನೊಂದು ಥರ. 2005ರಲ್ಲಿ ರೆಸ್ಪೆಕ್ಟ್ ಪಕ್ಷದಿಂದ ಬೆತ್ನಲ್ ಗ್ರೀನ್ ಮತ್ತು ಬೋ ಕ್ಷೇತ್ರದಲ್ಲಿ 823 ಮತದಿಂದ ಗೆದ್ರು. ಪಿರಾಟಿನ್ ಓಡಾಡಿದ ಅದೇ ಪೂರ್ವ ಲಂಡನ್. ಯಹೂದಿಗಳಿದ್ದ ಬೀದಿಗಳಲ್ಲಿ ಈಗ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಇರಾಕ್ ಯುದ್ಧದ ಸಿಟ್ಟು ಅವರನ್ನ ಗೆಲ್ಲಿಸಿತು. 2010ರಲ್ಲಿ ಪಕ್ಕದ ಕ್ಷೇತ್ರಕ್ಕೆ ಹೋಗಿ ಮೂರನೇ ಸ್ಥಾನ. 2012ರ ಉಪಚುನಾವಣೆಯಲ್ಲಿ ಬ್ರ್ಯಾಡ್‌ಫರ್ಡ್ ವೆಸ್ಟ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿನ ಅಂತರದ ಗೆಲುವು, 2015ರಲ್ಲಿ ಅಲ್ಲೇ ಅದಕ್ಕಿಂತ ದೊಡ್ಡ ಅಂತರದ ಸೋಲು. 2024ರ ಫೆಬ್ರವರಿಯಲ್ಲಿ ವರ್ಕರ್ಸ್ ಪಾರ್ಟಿಯಿಂದ ರಾಚ್‌ಡೇಲ್‌ನಲ್ಲಿ ಗೆಲುವು, ಜುಲೈನಲ್ಲಿ 1,440 ಮತದಿಂದ ಸೋಲು. ಪ್ರತಿ ಸಲ ಒಂದು ಯುದ್ಧದ ಸಿಟ್ಟು ಇದ್ದಾಗ ಒಂದು ಊರಿಗೆ ಬಂದು ಇಳೀತಾರೆ, ಸಿಟ್ಟು ಆರಿದ ಮೇಲೆ ಗಂಟುಮೂಟೆ ಕಟ್ತಾರೆ. ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದ್ರೆ ಅದು ಸೋರೋ ಮಾಡನ್ನ ರಿಪೇರಿ ಮಾಡಲ್ಲ. 2024ರ ಜುಲೈನಲ್ಲಿ ಅವರ ಪಕ್ಷ ನೂರೈವತ್ತಕ್ಕೂ ಹೆಚ್ಚು ಕಡೆ ನಿಂತು ಎರಡು ಲಕ್ಷಕ್ಕೂ ಹೆಚ್ಚು ಮತ ಪಡೀತು. ಸೀಟು ಸೊನ್ನೆ.

ಅದೇ ದಿನ ಲೇಬರ್ ಪಕ್ಷದಿಂದ ಹೊರಗೆ ಹಾಕಿಸಿಕೊಂಡ ಜೆರೆಮಿ ಕಾರ್ಬಿನ್, ಎಪ್ಪತ್ತೈದು ವರ್ಷದ ಮುದುಕ, ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಪಕ್ಷೇತರನಾಗಿ ನಿಂತು 7,247 ಮತಗಳ ಅಂತರದಿಂದ ಗೆದ್ರು. ದೇಶವೆಲ್ಲ ಲೇಬರ್ ಅಲೆ, ಎದುರಾಳಿಯೂ ಲೇಬರ್ ಅಭ್ಯರ್ಥಿಯೇ. 1983ರಿಂದ ಅದೊಂದೇ ಕ್ಷೇತ್ರದ ಸಂಸದ ಆತ. 2025ರಲ್ಲಿ ಕಾರ್ಬಿನ್ ಮತ್ತು ಜಾರಾ ಸುಲ್ತಾನಾ ಸೇರಿ ಹೊಸ ಎಡ ಪಕ್ಷ ಘೋಷಿಸಿದಾಗ ಲಕ್ಷಗಟ್ಟಲೆ ಜನ ಆಸಕ್ತಿ ಇದೆ ಅಂತ ಇಂಟರ್ನೆಟ್ಟಿನಲ್ಲಿ ಹೆಸರು ಬರೆಸಿದ್ರು, ಅದರ ಬೆನ್ನಿಗೇ ನಾಯಕರ ನಡುವೆ ಜಗಳವೂ ಶುರುವಾಯ್ತು. ಅವರು ಮುಂದಿನ ಚುನಾವಣೆಯಲ್ಲಿ ಎಷ್ಟು ಕಡೆ ನಿಲ್ತಾರೆ ಅನ್ನೋದರ ಬಗ್ಗೆ ನನಗೆ ಅಷ್ಟು ಕುತೂಹಲ ಇಲ್ಲ. ಆ ಲಕ್ಷ ಜನರಲ್ಲಿ ಎಷ್ಟು ಮಂದಿ ತಮ್ಮ ಬೀದಿಯಲ್ಲಿ ಬಾಡಿಗೆ ಕಟ್ಟೋಕಾಗದೆ ಕೂತಿರೋ ಮನೆಯ ಬಾಗಿಲು ತಟ್ಟಿದ್ರು, ಆ ಮನೆಯವರು ಹೋದ ಸಲ ಯಾವ ಪಕ್ಷಕ್ಕೆ ಓಟು ಹಾಕಿದ್ರು ಅಂತ ಕೇಳದೆ ಒಳಗೆ ಹೋದ್ರಾ, ಅದು ಗೊತ್ತಾದ್ರೆ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ.